ದಿಲ್ಲಿಯಲ್ಲಿ ಬೀಡುಬಿಟ್ಟವರು

ಕೆಂಪುಕೋಟೆ, ಕುತುಬ್ ಮಿನಾರ್, ಇಂಡಿಯಾ ಗೇಟ್, ಕಮಲ ಮಂದಿರ, ಸಂಜೆ ಕರೋಲ್‌ಬಾಗಿನಲ್ಲಿ ಖರೀದಿ. ಮರುದಿನ ಬೆಳಗಾಗುವಷ್ಟರಲ್ಲಿ ಬಸ್ಸು ಆಗ್ರಾದ ಹಾದಿ ಹಿಡಿದಿರುತ್ತದೆ. ನಮ್ಮೂರುಗಳಿಂದ ಹೊರಡುವ ಉತ್ತರ ಭಾರತ ಪ್ರವಾಸಗಳಲ್ಲಿ ದಿಲ್ಲಿಯ ಪಾಲಿಗೆ ಬರುವುದು ಇಷ್ಟೇ. ಇದು ಸಾಕಾಗಿ ಹೋದವರು ಈಗ ಬೇರೆ ದಾರಿ ಹಿಡಿದಿದ್ದಾರೆ. ಟೂರಿನವರ ಹಂಗಿಲ್ಲದೆ ಹೋಗಿ, ಒಂದು ಕೋಣೆ ಬಾಡಿಗೆಗೆ ಹಿಡಿದು, ತಿಂಗಳುಗಟ್ಟಲೆ ಅಲ್ಲೇ ಬೀಡುಬಿಟ್ಟು ಊರನ್ನು ತಾವೇ ಸುತ್ತಿ ನೋಡುತ್ತಾರೆ. ಅವರಲ್ಲಿ ನಿವೃತ್ತರಿದ್ದಾರೆ, ಲ್ಯಾಪ್‌ಟಾಪಿನಲ್ಲೇ ಕಚೇರಿ ಹೊತ್ತು ತಿರುಗುವ ಹುಡುಗ ಹುಡುಗಿಯರಿದ್ದಾರೆ. ನಾನೂ ದಿಲ್ಲಿಯನ್ನು ನೋಡಿದ್ದು ಹೀಗೆಯೇ. ಈ ಪದ್ಧತಿಯ ಪರವಾಗಿಯೇ ಮಾತಾಡುತ್ತೇನೆ. ಆದರೆ ಇಂದು ಅದು ನಡೆಯುತ್ತಿರುವ ಬಗೆ ನನಗೆ ಒಪ್ಪಿಗೆಯಿಲ್ಲ.

ದಿಲ್ಲಿ ಕಾಲ ಬೇಡುವ ಊರು ಎಂಬುದರಲ್ಲಿ ಎರಡು ಮಾತಿಲ್ಲ. ಅಲ್ಲಿ ಒಂದು ನಗರದ ಮೇಲೆ ಇನ್ನೊಂದು ನಗರ ಕೂತಿಲ್ಲ. ಒಂದನ್ನು ಬಿಟ್ಟು ಪಕ್ಕಕ್ಕೆ ಸರಿದು ಮತ್ತೊಂದನ್ನು ಕಟ್ಟಿದ್ದಾರೆ. ತುಘಲಕಾಬಾದಿನ ಕೋಟೆಗೂ ಇಂದಿನ ಹಳೆ ದಿಲ್ಲಿಯಾದ ಶಹಜಹಾನಾಬಾದಿಗೂ ನಡುವೆ ಹದಿನೈದು ಕಿಲೋಮೀಟರಿಗೂ ಹೆಚ್ಚು ದೂರ. ಅವೆರಡರ ನಡುವೆ ಸಿರಿ, ಜಹಾನ್‌ಪನಾಹ್, ಪುರಾನಾ ಕಿಲಾ, ಫಿರೋಜಾಬಾದ್ ಚದುರಿಕೊಂಡಿವೆ. 1916ರಿಂದ 1922ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರಬಂದ ಮೌಲ್ವಿ ಜಫರ್ ಹಸನ್ ಅವರ ಪಟ್ಟಿಯಲ್ಲಿ 1,300ಕ್ಕೂ ಹೆಚ್ಚು ಸ್ಮಾರಕಗಳಿದ್ದವು. ಇಂದು ಕೇಂದ್ರ ಪುರಾತತ್ವ ಇಲಾಖೆ ಕಾಯುತ್ತಿರುವುದು ಸುಮಾರು 170ನ್ನು. ಮಿಕ್ಕವು ಬಡಾವಣೆಗಳ ಸಂದಿಯಲ್ಲಿ, ಪಾರ್ಕುಗಳ ಮೂಲೆಯಲ್ಲಿ, ಯಾರದೋ ಮನೆಯ ಹಿತ್ತಲಲ್ಲಿ ಇವೆ. ಎಷ್ಟೋ ಇಲ್ಲವಾಗಿಯೂ ಹೋಗಿವೆ. ಎರಡು ದಿನದಲ್ಲಿ ನೋಡಿ ಮುಗಿಸುವ ಊರಲ್ಲ ಇದು.

ಹಾಗೆಂದು ಹೆಚ್ಚು ದಿನ ಇದ್ದವರೆಲ್ಲ ಹೆಚ್ಚು ಕಂಡಿರುತ್ತಾರೆಯೇ? ಈ ಪ್ರಶ್ನೆಗೆ ದಿಲ್ಲಿಯ ಚರಿತ್ರೆಯಲ್ಲೇ ಒಂದು ಒಳ್ಳೆಯ ಸಾಕ್ಷಿಯಿದೆ. ಮೊರಾಕ್ಕೋದ ಇಬ್ನ್ ಬತೂತ 1334ರ ಸುಮಾರಿಗೆ ದಿಲ್ಲಿಗೆ ಬಂದು, ಮಹಮ್ಮದ್ ಬಿನ್ ತುಘಲಕನ ಕೈಕೆಳಗೆ ಕಾಜಿಯಾಗಿ ವರ್ಷಗಳನ್ನೇ ಕಳೆದ. ಅವನ ಬರವಣಿಗೆಯಲ್ಲಿ ಸುಲ್ತಾನನ ದಾನ, ಸುಲ್ತಾನನ ಕ್ರೌರ್ಯ, ಉಡುಗೊರೆ, ಸಾಲ, ಮೆರವಣಿಗೆ ಎಲ್ಲವೂ ಕಣ್ಣಿಗೆ ಕಟ್ಟುವಂತಿವೆ. ಆದರೆ ಅದರಲ್ಲಿ ಹೆಚ್ಚಿನದು ಆಸ್ಥಾನದ ದಿಲ್ಲಿ. ಅದೇ ಮನುಷ್ಯ ಮುಂದೆ ನಮ್ಮ ಕರಾವಳಿಯಲ್ಲಿ ಹಾದುಹೋದಾಗ ಹೊನ್ನಾವರದಲ್ಲಿ ಹೆಣ್ಣುಮಕ್ಕಳ 13 ಶಾಲೆಗಳನ್ನೂ ಗಂಡುಮಕ್ಕಳ 23 ಶಾಲೆಗಳನ್ನೂ ಕಂಡೆನೆಂದು ಬರೆದ. ದಿಲ್ಲಿಯ ವರ್ಷಗಳ ಮುಂದೆ ಹೊನ್ನಾವರದಲ್ಲಿ ಅವನಿದ್ದ ಕಾಲ ತೀರ ಸ್ವಲ್ಪ. ಆದರೂ ಊರಿನ ಹೆಣ್ಣುಮಕ್ಕಳು ಓದುತ್ತಿದ್ದಾರೆ ಎಂಬುದು ಅವನ ಲೆಕ್ಕಕ್ಕೆ ಬಂತು. ಅರಮನೆಯ ಸಂಬಳದಲ್ಲಿ ಕೂತವನಿಗೆ ಅರಮನೆಯೇ ಊರಾಗಿ ಕಂಡಿತು. ದಾರಿಹೋಕನಾದಾಗ ಬೀದಿ ಕಂಡಿತು. ನಾವು ಎಲ್ಲಿ ನಿಂತು ನೋಡುತ್ತೇವೆ ಎಂಬುದರ ಮೇಲೆ ನಮಗೆ ಕಾಣುವ ಊರು ನಿಂತಿದೆ.

ಇಂದಿನ ಬೀಡುಬಿಟ್ಟವರ ಮೇಲೆ ನನ್ನ ದೊಡ್ಡ ತಕರಾರು ಇದೇ. ಅವರಲ್ಲಿ ಬಹುಪಾಲು ಜನ ದಕ್ಷಿಣ ದಿಲ್ಲಿಯಲ್ಲಿ ನಿಲ್ಲುತ್ತಾರೆ. ಅಲ್ಲಿನ ಹೌಜ್ ಖಾಸ್ ಗ್ರಾಮ, ಶಾಹಪುರ್ ಜಾಟ್, ಖಿಡ್ಕಿ ಮುಂತಾದ ಹಳ್ಳಿಗಳನ್ನು ನಗರ ನುಂಗಿಕೊಂಡಿದೆ. ಲಾಲ್ ಡೋರಾ, ಅಂದರೆ ಹಳ್ಳಿಯ ವಾಸದ ನೆಲಕ್ಕೆ ಗುರುತಿಸಿದ ಗಡಿಯೊಳಗಿನ ಜಾಗವಾದ್ದರಿಂದ ಕಟ್ಟಡದ ನಿಯಮಗಳು ಅಲ್ಲಿ ಸಡಿಲ, ಸಣ್ಣ ಸಣ್ಣ ಕೋಣೆಗಳು ಬಾಡಿಗೆಗೆ ಸಿಗುತ್ತವೆ. ಶಾಹಪುರ್ ಜಾಟ್ ಇರುವುದು ಅಲಾವುದ್ದೀನ್ ಖಿಲ್ಜಿಯ ಸಿರಿ ಕೋಟೆಯ ಒಳಗೇ. ಅಲ್ಲಿ ಕೋಣೆ ಹಿಡಿದವರು ದಿನಾ ಮೆಟ್ರೋ ಹತ್ತಿ ಹುಮಾಯೂನನ ಗೋರಿಗೋ ಕೆಂಪುಕೋಟೆಗೋ ಹೋಗುತ್ತಾರೆ, ಆದರೆ ಕಾಫಿ ಅಂಗಡಿಯ ಆಚೆಗಿರುವ ಸಿರಿಯ ಗೋಡೆಯ ಹತ್ತಿರ ಸುಳಿಯುವುದಿಲ್ಲ. ಮನೆ ಕೊಟ್ಟ ಜಾಟ್ ಕುಟುಂಬ ಹೊಲ ಬಿಟ್ಟು ಬಾಡಿಗೆಯ ಮೇಲೆ ಬದುಕತೊಡಗಿದ್ದು ಯಾವಾಗ ಎಂದು ಕೇಳುವುದೂ ಇಲ್ಲ. ಕೇಳಿದರೆ, ದಿಲ್ಲಿ ವಿಸ್ತಾರಗೊಂಡ ಕಥೆಯನ್ನು ಮನೆಯ ಅಜ್ಜ ಹುಕ್ಕಾ ಎಳೆಯುತ್ತ ಹೇಳಬಲ್ಲರು.

ಹೆಚ್ಚು ದಿನ ಇರುವುದರಿಂದ ಆಗುವ ನಿಜವಾದ ಲಾಭ ಒಂದೇ: ನೋಡಿದ ಜಾಗಕ್ಕೆ ಮತ್ತೆ ಹೋಗಬಹುದು, ಬೇರೆ ವಾರ, ಬೇರೆ ಹೊತ್ತು. ಫಿರೋಜ್ ಷಾ ಕೋಟ್ಲಾವನ್ನೇ ನೋಡಿ. ಸೋಮವಾರ ಹೋದರೆ ಮುರಿದ ಗೋಡೆಗಳು, ಟೋಪ್ರಾದಿಂದ ಸುಲ್ತಾನ ಫಿರೋಜ್ ಷಾ ತರಿಸಿ ನಿಲ್ಲಿಸಿದ ಅಶೋಕನ ಕಂಬ, ಒಂದಷ್ಟು ಪಾರಿವಾಳ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದಾಗ ನೆರವಾದ ಕಂಬ ಅದು. ಅಷ್ಟು ತಿಳಿದು ಹೊರಬಂದರೆ ಒಂದು ಪಾಠ ಮುಗಿಯಿತು. ಗುರುವಾರ ಹೋದರೆ ಅದು ಬೇರೆಯೇ ಜಾಗ. ನೆಲಮಾಳಿಗೆಯ ಕತ್ತಲ ಗೂಡುಗಳಲ್ಲಿ ದೀಪ, ಅಗರಬತ್ತಿ, ಗೋಡೆಯ ಸಂದಿನಲ್ಲಿ ಸಿಕ್ಕಿಸಿದ ಚೀಟಿಗಳು. ಜಿನ್ನ್‌ಗಳೆಂಬ ಅಗೋಚರ ಜೀವಿಗಳಿಗೆ ಬರೆದ ಅರ್ಜಿಗಳವು: ಮಗನ ನೌಕರಿ, ಮಗಳ ಮದುವೆ, ಕೋರ್ಟಿನ ಕೇಸು, ಗಂಡನ ಕುಡಿತ. ಸರ್ಕಾರಿ ಕಚೇರಿಗೆ ಕೊಟ್ಟಂತೆ ಹೆಸರು ವಿಳಾಸ ಬರೆದು, ಜೆರಾಕ್ಸ್ ಪ್ರತಿ ಮಾಡಿಸಿ ಒಂದೊಂದು ಗೂಡಿನಲ್ಲಿ ಒಂದೊಂದು ಇಡುವವರಿದ್ದಾರೆ. ಬರುವವರಲ್ಲಿ ಮುಸ್ಲಿಮರಿದ್ದಾರೆ, ಹಿಂದೂಗಳಿದ್ದಾರೆ, ಹೆಂಗಸರು ಬಹಳ. ಜನ ಇಲ್ಲಿಗೆ ದೊಡ್ಡ ಸಂಖ್ಯೆಯಲ್ಲಿ ಬರತೊಡಗಿದ್ದು 1977ರಲ್ಲಿ, ತುರ್ತುಪರಿಸ್ಥಿತಿ ಮುಗಿದ ಕೆಲವೇ ತಿಂಗಳಿಗೆ ಎಂದು ಸಂಶೋಧಕ ಆನಂದ್ ವಿವೇಕ್ ತನೇಜಾ ಗುರುತಿಸಿದ್ದಾರೆ. ಹತ್ತಿರದ ತುರ್ಕ್‌ಮಾನ್ ಗೇಟಿನಲ್ಲಿ ಸರ್ಕಾರ ಮನೆಗಳನ್ನು ಕೆಡವಿದ್ದು ಆ ತುರ್ತುಪರಿಸ್ಥಿತಿಯ ನಡುವೆಯೇ, 1976ರಲ್ಲಿ. ಕೇಳುವವರಿಲ್ಲದಾಗ ಜನ ಅರ್ಜಿಯನ್ನು ಯಾರಿಗೆ ಕೊಟ್ಟರು ಎಂಬುದನ್ನು ಆ ಗೂಡುಗಳ ಮುಂದೆ ನಿಂತಾಗ ತಿಳಿಯಬಹುದು. ಸೋಮವಾರದ ಕೋಟ್ಲಾ ಮಾತ್ರ ನೋಡಿದವರಿಗೆ ಇದು ತಿಳಿಯದು.

ಬೇಗಂಪುರದ 14ನೇ ಶತಮಾನದ ಮಸೀದಿಯ ಮಾತೂ ಅಷ್ಟೆ. ಒಂದು ಕಾಲಕ್ಕೆ ಊರಿಗೆ ಊರೇ ಅದರ ಗೋಡೆಗಳೊಳಗೆ ಮನೆ ಮಾಡಿಕೊಂಡಿತ್ತು. 20ನೇ ಶತಮಾನದ ಆರಂಭದಲ್ಲಿ ಅವರನ್ನು ಎಬ್ಬಿಸಿ ಸ್ಮಾರಕವನ್ನಾಗಿ ಮಾಡಿದರು. ಇಂದು ಸಂಜೆ ಅದರ ಅಂಗಳದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಾರೆ. ಟಿಕೆಟ್ಟಿಲ್ಲ, ಗೈಡಿಲ್ಲ. ನನ್ನ ಮಟ್ಟಿಗೆ ದಿಲ್ಲಿಯ ಅತ್ಯಂತ ಸುಂದರ ಜಾಗಗಳಲ್ಲಿ ಅದೊಂದು.

ಈ ಪದ್ಧತಿಗೆ ಮಾದರಿಯಾಗಿ ಬಹಳ ಜನ ಕೈಯಲ್ಲಿ ಹಿಡಿಯುವ ಪುಸ್ತಕ ವಿಲಿಯಂ ಡಾಲ್ರಿಂಪಲ್ ಅವರ ‘ಸಿಟಿ ಆಫ್ ಜಿನ್ಸ್’. 1993ರಲ್ಲಿ ಬಂದದ್ದು. ಬಾಡಿಗೆ ಮನೆ ಹಿಡಿದು ದಿಲ್ಲಿಯಲ್ಲಿ ಇದ್ದು ಬರೆದ ಪುಸ್ತಕ. ಅದರ ದೊಡ್ಡ ಗುಣ ಶ್ರಮ. ದೇಶವಿಭಜನೆಯಲ್ಲಿ ಬಂದವರನ್ನೂ ಹೋದವರನ್ನೂ ಹುಡುಕಿಕೊಂಡು ಹೋಗಿ ಮಾತಾಡಿಸಿದ್ದಾರೆ. ದಿಲ್ಲಿಯ ಕಾದಂಬರಿಕಾರ ಅಹ್ಮದ್ ಅಲಿಯವರನ್ನು ಕರಾಚಿಯಲ್ಲಿ ಕಂಡಿದ್ದಾರೆ. 1984ರಲ್ಲಿ ಸಿಖ್ಖರ ಹತ್ಯಾಕಾಂಡ ನಡೆದ ತ್ರಿಲೋಕಪುರಿಯನ್ನೂ ಬಿಟ್ಟಿಲ್ಲ. ದೋಷವೂ ಸಣ್ಣದಲ್ಲ. ಮನೆಯೊಡತಿ, ಟ್ಯಾಕ್ಸಿ ಚಾಲಕ ಮೊದಲಾದ ಅಕ್ಕಪಕ್ಕದ ಜೀವಂತ ಜನ ಅದರಲ್ಲಿ ತಮ್ಮ ಮುರುಕು ಇಂಗ್ಲಿಷಿನಿಂದ ನಗಿಸಲು ಬರುತ್ತಾರೆ. ಗೌರವವೆಲ್ಲ ಹಳೆಯ ಕಾಲದ ಪಾಲಿಗೆ ಹೋಗುತ್ತದೆ. ಓದಿದವರು ಕಲಿತದ್ದೂ ಅದನ್ನೇ. ಪಾಳುಬಿದ್ದ ಹವೇಲಿ ಕಂಡರೆ ಕ್ಯಾಮೆರಾ ಎತ್ತುತ್ತಾರೆ, ಅದರೊಳಗೆ ಕಾರ್ಖಾನೆಯಲ್ಲಿ ದುಡಿಯುವ ಬಿಹಾರದ ಹುಡುಗನನ್ನು ಚಿತ್ರದಿಂದ ಆಚೆ ಸರಿಸುತ್ತಾರೆ. ಲಾಜಪತ್ ನಗರ ನಿರಾಶ್ರಿತರು ಕಟ್ಟಿದ ಊರು ಎಂಬುದು, ಅಲ್ಲಿ ಕುರ್ತಾ ಕೊಳ್ಳುವಾಗ ನೆನಪಾಗುವುದಿಲ್ಲ.

ನಾನು ಬೇರೊಂದು ಮಾದರಿಯನ್ನು ಮುಂದಿಡುತ್ತೇನೆ: ಸೈಯದ್ ಅಹ್ಮದ್ ಖಾನ್. ದಿಲ್ಲಿಯಲ್ಲೇ ಹುಟ್ಟಿದವರು, ಮುನ್ಸೀಫರಾಗಿದ್ದವರು. 1847ರಲ್ಲಿ ‘ಆಸಾರ್-ಉಸ್-ಸನಾದೀದ್’ ಎಂಬ ದಿಲ್ಲಿಯ ಕಟ್ಟಡಗಳ ಗ್ರಂಥವನ್ನು ಉರ್ದುವಿನಲ್ಲಿ ಹೊರತಂದರು. ಕುತುಬ್ ಮಿನಾರಿನ ಎತ್ತರದ ಶಾಸನಗಳನ್ನು ನಕಲು ಮಾಡಲು ಬುಟ್ಟಿಯಲ್ಲಿ ಕೂತು ಹಗ್ಗದಿಂದ ತೂಗಾಡಿದರೆಂದು ಅವರ ಜೀವನಚರಿತ್ರೆ ಹೇಳುತ್ತದೆ. ಆ ಪುಸ್ತಕದ ಮೊದಲ ಆವೃತ್ತಿಯಲ್ಲಿ ಕಟ್ಟಡಗಳ ಜೊತೆ ಆಗ ಬದುಕಿದ್ದ ಕವಿಗಳು, ಹಕೀಮರು, ಸಂಗೀತಗಾರರೂ ಇದ್ದಾರೆ. ಹತ್ತೇ ವರ್ಷದಲ್ಲಿ 1857ರ ದಂಗೆ ಬಂದು ಅವರಲ್ಲಿ ಎಷ್ಟೋ ಜನರನ್ನು, ಎಷ್ಟೋ ಕಟ್ಟಡಗಳನ್ನು ಒರೆಸಿಹಾಕಿತು. ಕಲ್ಲನ್ನೂ ಮನುಷ್ಯನನ್ನೂ ಒಂದೇ ಪುಸ್ತಕದಲ್ಲಿ ಬರೆದಿಟ್ಟದ್ದರಿಂದಲೇ ಅದು ಇಂದಿಗೂ ಬೇಕಾಗಿದೆ.

ಇನ್ನು ‘ಸ್ವತಂತ್ರ’ ಪ್ರವಾಸ ಎನ್ನುವಾಗ ಆ ಸ್ವಾತಂತ್ರ್ಯ ಯಾರಿಗಿದೆ ಎಂದು ಕೇಳಲೇಬೇಕು. ಮನೆ ಹುಡುಕುವಾಗ ಒಬ್ಬ ಮಾಲೀಕರು ನನ್ನ ಜಾತಿ ಕೇಳಿದರು, ಮಾಂಸ ತಿನ್ನುತ್ತೀಯಾ ಎಂದರು, ಗಂಡ ಯಾಕೆ ಜೊತೆಗಿಲ್ಲ ಎಂದರು. ಮುಸ್ಲಿಂ ಹೆಸರಿನ ಗೆಳತಿಗೆ ಕೋಣೆ ಸಿಗುವುದು ನನಗಿಂತ ಎಷ್ಟೋ ಕಷ್ಟವಾಯಿತು. ಮೆಟ್ರೋದಲ್ಲಿ ಹೆಂಗಸರಿಗೆ ಮೀಸಲಾದ ಮೊದಲ ಬೋಗಿ ನನ್ನ ಸುತ್ತಾಟವನ್ನು ಸಾಧ್ಯವಾಗಿಸಿತು. ಆದರೆ ನಿಲ್ದಾಣದಿಂದ ಮನೆವರೆಗಿನ ಕತ್ತಲ ದಾರಿ ನನ್ನ ಸಂಜೆಗಳನ್ನು ಮೊಟಕುಗೊಳಿಸಿತು. ದಾರಿ ತಪ್ಪಿ ಅಲೆಯುವುದೇ ನಗರವನ್ನು ಅರಿಯುವ ಬಗೆ ಎಂದು ಬರೆಯುವ ಗಂಡಸರು ಇದನ್ನು ಒಂದು ಸಾಲಿನಲ್ಲಾದರೂ ಒಪ್ಪಿಕೊಳ್ಳಬೇಕು.

ಕಾಲದ ಆಯ್ಕೆಯಲ್ಲೂ ಒಂದು ಮೋಸವಿದೆ. ಫೆಬ್ರವರಿ, ಮಾರ್ಚಿನ ಹೂವಿನ ದಿಲ್ಲಿಯನ್ನು ನೋಡಿ, ಲೂ ಎಂಬ ಬಿಸಿಗಾಳಿ ಬೀಸುವ ಮುಂಚೆ ಎಲ್ಲರೂ ಹೊರಡುತ್ತಾರೆ. ನವೆಂಬರಿನ ಹೊಗೆಯಲ್ಲಿ ಕೆಮ್ಮುವವರು, ಜೂನಿನಲ್ಲಿ ಟ್ಯಾಂಕರ್ ನೀರಿಗೆ ಕೊಡ ಹಿಡಿದು ನಿಲ್ಲುವವರು ಈ ಪ್ರವಾಸಿಗರ ಪುಟಗಳಲ್ಲಿ ಇಲ್ಲ. ಊರಿನ ಚೆಲುವನ್ನಷ್ಟೇ ತೆಗೆದುಕೊಂಡು ಅದನ್ನು ಅರಿತೆ ಎನ್ನುವುದು ನ್ಯಾಯವಲ್ಲ.

ಅರಿವಿನ ಜೊತೆ ಒಂದು ಹೊಣೆಯೂ ಬರುತ್ತದೆ. 2024ರ ಜನವರಿ 30ರಂದು ಮೆಹ್ರೌಲಿಯ ಸಂಜಯ್ ವನದಲ್ಲಿದ್ದ ಹಳೆಯ ಅಖೂಂಜಿ ಮಸೀದಿಯನ್ನು ದಿಲ್ಲಿ ಅಭಿವೃದ್ಧಿ ಪ್ರಾಧಿಕಾರ ಅತಿಕ್ರಮಣವೆಂದು ಕೆಡವಿತು. ಅದನ್ನು ಮೊದಲೇ ಕಂಡವರು, ಚಿತ್ರ ತೆಗೆದಿಟ್ಟವರು ಇಂದು ಅದರ ಸಾಕ್ಷಿಗಳು. ತಿಂಗಳುಗಟ್ಟಲೆ ಇರುವವರಿಗೆ ಬಿಡುವಿದೆ, ಕೈಯಲ್ಲಿ ಕ್ಯಾಮೆರಾ ಇದೆ. ಇಲಾಖೆ ಕಾಯುವ ಪಟ್ಟಿಯಲ್ಲಿಲ್ಲದ ಗೋರಿ, ಬಾವಿ, ಬಾಗಿಲುಗಳನ್ನು ದಿನಾಂಕ ಹಾಕಿ ದಾಖಲಿಸಿಟ್ಟರೆ ಅವರು ಆ ಊರಿನ ಋಣ ಸ್ವಲ್ಪವಾದರೂ ತೀರಿಸಿದಂತೆ.

ಕನ್ನಡಿಗರಿಗೆ ಕಡೆಗೊಂದು ಮಾತು. ಈಸ್ಟ್ ಆಫ್ ಕೈಲಾಶ್‌ನ ಇಸ್ಕಾನ್ ದೇವಾಲಯದ ಬಳಿ, ಕಾಂಕ್ರೀಟಿನ ಚಾವಣಿಯ ಕೆಳಗೆ, ಒಂದು ಬಂಡೆಯಿದೆ. 1966ರಲ್ಲಿ ಪತ್ತೆಯಾದ ಅಶೋಕನ ಕಿರುಶಾಸನ ಅದರ ಮೇಲಿದೆ. ನಮ್ಮ ಮಸ್ಕಿಯಲ್ಲಿ, ಬ್ರಹ್ಮಗಿರಿಯಲ್ಲಿ, ಸಿದ್ದಾಪುರದಲ್ಲಿ ಇರುವುದೂ ಅದೇ ಶಾಸನದ ಪಾಠಗಳು. ದಿಲ್ಲಿಯ ಆ ಬಂಡೆಯನ್ನು ನೋಡಲು ಹೋಗುವವರು ತೀರ ಕಡಿಮೆ. ದಿಲ್ಲಿಯಲ್ಲಿ ಬೀಡುಬಿಡುವುದಾದರೆ ಹೋಗುವ ಮುಂಚೆ ಮಸ್ಕಿಯನ್ನು ನೋಡಿ, ಹೋದ ಮೇಲೆ ಆ ಬಂಡೆಯನ್ನು ನೋಡಿ. ಹಿಂದಿಯನ್ನು ಮಾತಾಡುವಷ್ಟಾದರೂ ಕಲಿತು ಹೋಗಿ. ಊರಿನ ತುಂಬ ಅಲೆಯುವ ಬದಲು ಮೂರು ನಾಲ್ಕು ಜಾಗಗಳನ್ನು ಆರಿಸಿಕೊಂಡು ಮತ್ತೆ ಮತ್ತೆ ಹೋಗಿ, ಅಲ್ಲಿಯವರನ್ನು ಹೆಸರು ಹಿಡಿದು ಮಾತಾಡಿಸುವಷ್ಟು ಹೋಗಿ. ಅಷ್ಟು ಮಾಡಲಾಗದಿದ್ದರೆ ಎರಡು ದಿನದ ಬಸ್ಸೇ ಸಾಕು.