ಜತ್ತದ ಜನ ಯಾರ ವಾಕ್ಯದ ಕರ್ತೃ?

ವಿಮರ್ಶೆಯೆಂದರೆ ಕತೆ, ಕವಿತೆಗಳ ಗುಣದೋಷ ವಿವೇಚನೆ ಎಂದಷ್ಟೇ ನಾವು ತಿಳಿದಿದ್ದೇವೆ. ಆದರೆ ಗಡಿನಾಡಿನಲ್ಲಿ ಬಾಳುವವರ ಬದುಕನ್ನು ಕಾವ್ಯಕ್ಕಿಂತ ಹೆಚ್ಚಾಗಿ ತಿದ್ದಿರುವುದು ಠರಾವುಗಳು, ಹೇಳಿಕೆಗಳು, ಆಯೋಗದ ವರದಿಗಳು. ಅವೂ ಪಠ್ಯಗಳೇ, ಅವಕ್ಕೂ ಒಂದು ವ್ಯಾಕರಣವಿದೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಕನ್ನಡಿಗರ ಬಗ್ಗೆ ಆಡಲಾದ ಕೆಲವು ಮಾತುಗಳನ್ನು ಇಲ್ಲಿ ಹಾಗೆ ಓದಲು ಯತ್ನಿಸುತ್ತೇನೆ. ನಾನು ಕೇಳುವ ಪ್ರಶ್ನೆ ಒಂದೇ: ಈ ವಾಕ್ಯಗಳಲ್ಲಿ ಜನರು ಕರ್ತೃವೋ, ಕರಣವೋ?

ಕರಣವೆಂದರೆ ಕೆಲಸ ಮಾಡಿಸಲು ಬಳಸುವ ಸಾಧನ. ಮನುಷ್ಯರನ್ನೇ ಸಾಧನವಾಗಿಸಿಕೊಂಡು ನೆರೆಯ ದೇಶವನ್ನು ಮಣಿಸುವ ವಿದ್ಯೆ ಜಗತ್ತಿಗೆ ಹೊಸದಲ್ಲ. 1980ರಲ್ಲಿ ಕ್ಯೂಬಾ ಸರ್ಕಾರ ಮರಿಯಲ್ ಬಂದರನ್ನು ತೆರೆದಾಗ ಸುಮಾರು 1,25,000 ಜನ ಅಮೆರಿಕದ ದಡ ಸೇರಿದರು. ವಲಸಿಗರನ್ನು ತಡೆಹಿಡಿಯುವ ಸಲುವಾಗಿ ಯುರೋಪಿನ ಒಕ್ಕೂಟ 2016ರಲ್ಲಿ ತುರ್ಕಿಯೊಡನೆ ಒಪ್ಪಂದ ಮಾಡಿಕೊಂಡಿತು. 600 ಕೋಟಿ ಯೂರೋಗಳವರೆಗೆ ನೆರವಿನ ಭರವಸೆ ಕೊಟ್ಟಿತು. 2020ರಲ್ಲಿ ಮನಸ್ತಾಪ ಬಂದಾಗ ತುರ್ಕಿ ಇನ್ನು ತಡೆಯುವುದಿಲ್ಲವೆಂದಿತು. ಸಾವಿರಾರು ಜನ ಗ್ರೀಸಿನ ಬೇಲಿಯ ಬಳಿ ಸಿಕ್ಕಿಬಿದ್ದರು. 2021ರ ಮೇ ತಿಂಗಳಲ್ಲಿ ಪಶ್ಚಿಮ ಸಹಾರಾದ ಹೋರಾಟಗಾರ ನಾಯಕನೊಬ್ಬನಿಗೆ ಸ್ಪೇನ್ ಚಿಕಿತ್ಸೆ ನೀಡಿದ್ದಕ್ಕೆ ಮೊರಾಕೊ ಮುನಿಯಿತು. ಅದರ ಕಾವಲು ಸಡಿಲವಾಗಿ ಎರಡೇ ದಿನಗಳಲ್ಲಿ ಸುಮಾರು 8,000 ಜನ ಸಿಯುಟಾ ಪಟ್ಟಣಕ್ಕೆ ನುಗ್ಗಿದರು. ಕೆಲ್ಲಿ ಗ್ರೀನ್‌ಹಿಲ್ ಎಂಬ ವಿದುಷಿ 2010ರ ತಮ್ಮ ಗ್ರಂಥದಲ್ಲಿ 1951ರ ನಂತರದ ಇಂಥ 50ಕ್ಕೂ ಹೆಚ್ಚು ಪ್ರಸಂಗಗಳನ್ನು ಗುರುತಿಸಿದ್ದಾರೆ.

ಈ ಎಲ್ಲ ಪ್ರಸಂಗಗಳಲ್ಲೂ ಗಡಿ ನಿಂತಲ್ಲೇ ನಿಂತಿದೆ, ಜನ ಚಲಿಸುತ್ತಾರೆ. ಜತ್ತದಲ್ಲಿ ಇದು ತಲೆಕೆಳಗಾಗಿದೆ. ಅಲ್ಲಿ ಜನ ತಮ್ಮ ಹೊಲದಲ್ಲೇ ನಿಂತಿದ್ದಾರೆ, ಗಡಿಯನ್ನು ಸರಿಸುವ ಮಾತು ನಡೆಯುತ್ತದೆ. ಜತ್ತದವರನ್ನು ನಿರಾಶ್ರಿತರೆಂದು ಕರೆದರೆ ನಿಜವಾದ ನಿರಾಶ್ರಿತರಿಗೆ ಅಪಚಾರವಾದೀತು. ಆದರೂ ನೆರೆಯ ಸರ್ಕಾರದ ಮೇಲೆ ಭಾರ ಹಾಕಲು ಒಂದು ಜನಸಮುದಾಯವನ್ನು ಸನ್ನೆಗೋಲಾಗಿ ಬಳಸುವ ರೀತಿ ಎರಡೂ ಕಡೆ ಒಂದೇ.

ಜತ್ತದ ಮೊದಲ ಪಠ್ಯ 2012ರದ್ದು. ಬರದಿಂದ ಕಂಗೆಟ್ಟ ಸುಮಾರು 40 ಹಳ್ಳಿಗಳು ಕರ್ನಾಟಕಕ್ಕೆ ಸೇರುತ್ತೇವೆಂದು ಠರಾವು ಮಾಡಿದವು. ವಿಜಯಪುರ ಮತ್ತು ಬೆಳಗಾವಿ ಜಿಲ್ಲೆಗಳಿಗೆ ತಾಗಿಕೊಂಡ ಈ ಪ್ರದೇಶದಲ್ಲಿ ಕನ್ನಡ ಮನೆಮಾತು; ಗುಡ್ಡಾಪುರದ ದಾನಮ್ಮದೇವಿಗೆ ನಡೆದುಕೊಳ್ಳುವ ಭಕ್ತರು ಎರಡೂ ರಾಜ್ಯಗಳವರು. ಆದರೆ ಠರಾವಿನ ಹಿಂದಿದ್ದ ಕಾರಣ ಭಾಷಾಭಿಮಾನಕ್ಕಿಂತ ಹೆಚ್ಚಾಗಿ ನೀರು. ಕೃಷ್ಣೆ ಅದೇ ಜಿಲ್ಲೆಯಲ್ಲಿ ಹರಿದರೂ ಜತ್ತದ ಪೂರ್ವದ ಹಳ್ಳಿಗಳನ್ನು ಮುಟ್ಟಿರಲಿಲ್ಲ. ಜತ್ತದ ಕುರಿತ ಮಾತುಗಳಲ್ಲಿ ಜನರೇ ಕರ್ತೃವಾಗಿ ನಿಂತದ್ದು ಈ ಠರಾವಿನಲ್ಲಿ ಮಾತ್ರ ಎಂದು ನನಗನ್ನಿಸುತ್ತದೆ. ಸರ್ಕಾರಗಳ ಸನ್ನೆಗೋಲನ್ನು ಬಡವರು ಒಮ್ಮೆ ತಮ್ಮ ಕೈಗೆ ತೆಗೆದುಕೊಂಡು ನೋಡಿದ್ದರು.

ಮುಂದೇನಾಯಿತು? ಹತ್ತು ವರ್ಷ ಕಳೆದ ಮೇಲೆ, 2022ರ ನವೆಂಬರಿನಲ್ಲಿ, ಮಹಾರಾಷ್ಟ್ರವು ಸುಪ್ರೀಂ ಕೋರ್ಟಿನ ಗಡಿ ವ್ಯಾಜ್ಯಕ್ಕೆ ಚುರುಕು ಕೊಡುತ್ತಿದ್ದಾಗ, ಕರ್ನಾಟಕದ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಅದೇ ಠರಾವನ್ನು ಹೊರತೆಗೆದರು. ಜತ್ತದ ಹಳ್ಳಿಗಳ ಮೇಲೆ ಹಕ್ಕು ಮಂಡಿಸುವುದನ್ನು ಗಂಭೀರವಾಗಿ ಪರಿಶೀಲಿಸುತ್ತೇವೆ ಎಂದರು. ಮಹಾರಾಷ್ಟ್ರದ ಅಂದಿನ ಉಪಮುಖ್ಯಮಂತ್ರಿ ದೇವೇಂದ್ರ ಫಡಣವೀಸರು ಒಂದು ಹಳ್ಳಿಯೂ ಹೋಗದು, ಅದು 2012ರ ಹಳೆಯ ಠರಾವು ಎಂದು ಉತ್ತರಿಸಿದರು. ಗಮನಿಸಿ: ಒಬ್ಬರಿಗೆ ಠರಾವು ಸಾಕ್ಷಿ, ಇನ್ನೊಬ್ಬರಿಗೆ ಅದು ಅವಧಿ ಮುಗಿದ ಕಾಗದ. ಚರ್ಚೆ ನಡೆದದ್ದು ಠರಾವಿನ ತಾರೀಖಿನ ಬಗ್ಗೆ. ಆ ಹತ್ತು ವರ್ಷಗಳಲ್ಲಿ ನೀರು ಏಕೆ ಬರಲಿಲ್ಲ ಎಂಬ ಪ್ರಶ್ನೆ ಎರಡೂ ವಾಕ್ಯಗಳಲ್ಲಿಲ್ಲ. ಠರಾವು ಕೈ ಬದಲಾಯಿಸಿದಾಗ ಅದರ ಕರ್ತೃವೂ ಬದಲಾದ.

ನೀರು ಬಂದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಆ ಗದ್ದಲದ ದಿನಗಳಲ್ಲೇ ಕರ್ನಾಟಕದ ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ಜತ್ತದ ಗಡಿ ಹಳ್ಳಿಗಳಿಗೆ ಹರಿಯಿತು. ಮಹಾರಾಷ್ಟ್ರವೂ ವಿಸ್ತರಿತ ಮ್ಹೈಸಾಳ ಯೋಜನೆಗೆ ಸುಮಾರು 2,000 ಕೋಟಿ ರೂಪಾಯಿಯ ಮಾತಾಡಿತು. ಬಾಯಾರಿದವನು ನೀರಿನ ಉದ್ದೇಶ ಕೇಳಬೇಕಾಗಿಲ್ಲ. ಆದರೆ ಓದುವವನು ಕೇಳಲೇಬೇಕು: ಬೇಸಾಯಗಾರನ ಹಕ್ಕೆಂದು ಬರದ ನೀರು, ನೆರೆಯವನನ್ನು ನಾಚಿಸುವ ಸಂದರ್ಭ ಒದಗಿದೊಡನೆ ಹೇಗೆ ಬಂತು? ಮಳೆ ಕೈಕೊಟ್ಟ ವರ್ಷ ಜತ್ತದ ಕೂಲಿಗಳು ಕುಡುಗೋಲು ಹಿಡಿದು ಕಬ್ಬಿನ ಸೀಮೆಗೆ ಗುಳೆ ಹೋಗುತ್ತಾರೆ. ಅದು ನಿಜವಾದ ವಲಸೆ. ಅದರಿಂದ ಯಾರನ್ನೂ ಮಣಿಸಲಾಗದು. ಆದ್ದರಿಂದ ಅದು ಯಾವ ಹೇಳಿಕೆಯಲ್ಲೂ ಕಾಣಿಸಿಕೊಳ್ಳಲಿಲ್ಲ.

ಇದು ಒಂದೇ ಪಕ್ಷದ ಗುಣವೂ ಅಲ್ಲ. 2022ರ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ವಿಧಾನಮಂಡಲ ಕರ್ನಾಟಕದ 865 ಊರುಗಳಿಗಾಗಿ ನಿರ್ಣಯ ಕೈಗೊಂಡಿತು. 2023ರಲ್ಲಿ ತನ್ನ ಆರೋಗ್ಯ ಯೋಜನೆಯನ್ನೂ ಅಲ್ಲಿಗೆ ಚಾಚಿತು. ಕರ್ನಾಟಕ ಪ್ರತಿಭಟಿಸಿತು. ಬೆಳಗಾವಿಯ ಮರಾಠಿ ರೋಗಿಯೂ ಜತ್ತದ ಕನ್ನಡ ರೈತನೂ ಹೀಗೆ ಒಂದೇ ವಿಭಕ್ತಿಯಲ್ಲಿ ನಿಂತಿದ್ದಾರೆ.

ಇದಕ್ಕೆ ಎದುರಾಗಿ ಸಾಹಿತ್ಯ ಏನು ಮಾಡಬಲ್ಲದು? 1955ರಲ್ಲಿ ಬೆಳಕು ಕಂಡ ಎರಡು ಕೃತಿಗಳು ನೆನಪಾಗುತ್ತವೆ. ಸಾದತ್ ಹಸನ್ ಮಾಂಟೊ ಅವರ ‘ಟೋಬಾ ಟೇಕ್ ಸಿಂಗ್’ ಕತೆಯಲ್ಲಿ ಎರಡು ಸರ್ಕಾರಗಳು ಹುಚ್ಚರನ್ನು ವಿನಿಮಯ ಮಾಡಿಕೊಳ್ಳುತ್ತವೆ. ಬಿಶನ್ ಸಿಂಗ್ ತನ್ನ ಊರು ಯಾವ ದೇಶದಲ್ಲಿದೆಯೆಂದು ಕೇಳುತ್ತಾನೆ. ಕೊನೆಗೆ ಯಾರಿಗೂ ಸೇರದ ನೆಲದ ಮೇಲೆ ಬೀಳುತ್ತಾನೆ. ಸರ್ಕಾರಗಳಿಗೆ ಅವನು ಪಟ್ಟಿಯಲ್ಲಿನ ಒಂದು ಅಂಕಿ. ಕತೆಗಾರನಿಗೆ ಅವನೇ ಕರ್ತೃ. ಇನ್ನೊಂದು ನಿರಂಜನರ ‘ಚಿರಸ್ಮರಣೆ’. 1941ರ ಕಯ್ಯೂರಿನ ಮಲಯಾಳಿ ರೈತರ ಹೋರಾಟವನ್ನು ಕನ್ನಡದಲ್ಲಿ ಬರೆದ ಈ ಕಾದಂಬರಿ ಮಲಯಾಳಕ್ಕೂ ಹೋಯಿತು. ಅಲ್ಲಿ ಲೇಖಕನ ಭಾಷೆ ಒಂದು, ರೈತರ ಭಾಷೆ ಇನ್ನೊಂದು. ಆದರೂ ಆ ರೈತರನ್ನು ಯಾವ ಭಾಷೆಯ ಲೆಕ್ಕಕ್ಕೂ ಜಮಾ ಮಾಡುವ ಆತುರ ಕಾದಂಬರಿಗೆ ಇಲ್ಲ. ಎರಡು ಭಾಷೆಗಳ ಈ ಸಂಚಿಕೆಯನ್ನು ಕೈಗೆತ್ತಿಕೊಳ್ಳುವ ನಮಗೆ ಅದಕ್ಕಿಂತ ಹತ್ತಿರದ ಮೇಲ್ಪಂಕ್ತಿ ಬೇರೆ ಬೇಕಿಲ್ಲ.

ಕಾಸರಗೋಡಿನ ಕನ್ನಡ ಮನೆಗಳಿಗೆ ಜತ್ತದ ಕತೆ ದೂರದ್ದಲ್ಲ. 1956ರ ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿತು. 1967ರ ಮಹಾಜನ ವರದಿ ಚಂದ್ರಗಿರಿಯ ಉತ್ತರದ ಭಾಗವನ್ನು ಮೈಸೂರಿಗೆ ಕೊಡಬೇಕೆಂದಿತು. ಅದೇ ವರದಿ 264 ಊರುಗಳನ್ನು ಮಹಾರಾಷ್ಟ್ರಕ್ಕೂ 247 ಊರುಗಳನ್ನು ಮೈಸೂರಿಗೂ ಹಂಚಿತು. ಅಂದಿನಿಂದ ನಮ್ಮ ಹೆಸರು ಬೆಳಗಾವಿಯ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಕೂತಿದೆ. ಬೆಳಗಾವಿಯ ಮಾತು ಬಿಸಿಯಾದಾಗ ಕಾಸರಗೋಡೂ ನೆನಪಾಗುತ್ತದೆ. ಅದು ತಣ್ಣಗಾದಾಗ ನಾವೂ ಮರೆತುಹೋಗುತ್ತೇವೆ. ಈ ನೆನಪನ್ನು ಪ್ರೀತಿಯೆಂದು ತಿಳಿಯುವ ಗಡಿಸಾಹಿತ್ಯ ನಮ್ಮಲ್ಲಿ ಸಾಕಷ್ಟಿದೆ.

ನಾನು ಕೇಳುವುದು ಬೇರೆ ಬಗೆಯ ಓದು. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಒದಗಿಸಬೇಕೆನ್ನುತ್ತದೆ. ಆ ವಾಕ್ಯಕ್ಕೆ ನೆರೆರಾಜ್ಯದ ಜಗಳ ಬೇಕಾಗಿಲ್ಲ. ಆದ್ದರಿಂದ ನಮ್ಮ ಹೆಸರಿನಲ್ಲಿ ಯಾರಾದರೂ ಹೇಳಿಕೆ ಕೊಟ್ಟಾಗ, ಅದು ಬೆಂಗಳೂರಿನದಾಗಲಿ, ಮುಂಬಯಿಯದಾಗಲಿ, ತಿರುವನಂತಪುರದ್ದಾಗಲಿ, ಹಿಗ್ಗುವ ಮುನ್ನ ಒಂದು ಪ್ರಶ್ನೆ ಕೇಳೋಣ: ಈ ಜಗಳ ನಾಳೆ ನಿಂತುಹೋದರೆ ಶಾಲೆಯ ಮೇಷ್ಟ್ರು ಉಳಿಯುತ್ತಾರೆಯೇ, ಕಾಲುವೆಯ ನೀರು ಉಳಿಯುತ್ತದೆಯೇ? ಉಳಿಯುವುದಾದರೆ ನಾವು ಆ ವಾಕ್ಯದ ಕರ್ತೃಗಳು. ಇಲ್ಲವಾದರೆ ಬರಿಯ ಸನ್ನೆಗೋಲು. ಕಲ್ಲು ಉರುಳಿದ ಮೇಲೆ ಅದನ್ನು ಹಿತ್ತಿಲಿಗೆ ಎಸೆಯುತ್ತಾರೆ.