ವಕ್ತೃ ಸಂಖ್ಯೆ 14

2021ರ ದೀಪಾವಳಿ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದು ದಪ್ಪನೆಯ ಪುಸ್ತಕವೊಂದನ್ನು ನನ್ನ ಮಡಿಲಲ್ಲಿಟ್ಟಳು. ಅವಳ ಪಿಎಚ್.ಡಿ. ಪ್ರಬಂಧ, ನಮ್ಮ ಕಡೆಯ ಬೀಸುವ ಪದಗಳ ಮೇಲೆ. ಏಳನೆಯ ತರಗತಿಯಲ್ಲಿ ನನ್ನೆದುರು ಕೂತಿದ್ದ ಹುಡುಗಿ! ಹೆಮ್ಮೆಯಿಂದಲೇ ಓದಲು ಕೂತೆ.

ಮೊದಲ ಅಧ್ಯಾಯ ಜಾನಪದದ ವ್ಯಾಖ್ಯೆ. ಎರಡನೆಯದು ಜಿಲ್ಲೆಯ ಪರಿಚಯ. ಮಳೆ ಎಷ್ಟು ಬೀಳುತ್ತದೆ ಎಂಬುದೂ ಉಂಟು. ಮೂರನೆಯದು ಹಿಂದಿನ ಅಧ್ಯಯನಗಳ ಸಮೀಕ್ಷೆ. ನೂರಮೂವತ್ತು ಪುಟ ದಾಟಿದ ಮೇಲೆ ಹಾಡುವ ಹೆಂಗಸು ಮೊದಲ ಸಲ ಬಾಯಿ ತೆರೆಯುತ್ತಾಳೆ. ಆಗಲೂ ಅವಳಿಗೆ ಹೆಸರಿಲ್ಲ. ಅವಳು 'ವಕ್ತೃ 14'.

"ಅವಳನ್ನು ಏನು ಕೇಳಿದೆ?" ಅಂದೆ.

"ಪ್ರಶ್ನಾವಳಿಯಲ್ಲಿ ಇದ್ದದ್ದನ್ನೇ ಅಕ್ಕೋರೇ."

ಹಿಟ್ಟಿನ ಗಿರಣಿ ಬಂದು ಬೀಸುಕಲ್ಲು ಮೂಲೆ ಸೇರಿದ ಮೇಲೆ ಆ ಹಾಡು ಎಲ್ಲಿಗೆ ಹೋಯಿತು ಎಂದು ಬರೆಯಬೇಕೆನಿಸಿತ್ತಂತೆ. ಅದು ಉದ್ದೇಶಗಳ ಪಟ್ಟಿಯಲ್ಲಿ ಇರಲಿಲ್ಲ, ಬಿಟ್ಟಳು.

ನನಗೆ ಶಂ.ಬಾ. ಜೋಶಿಯವರು ನೆನಪಾದರು. ಧಾರವಾಡದಲ್ಲಿ ಶಾಲಾ ಮಾಸ್ತರರಾಗಿದ್ದವರು, ಎಂ.ಎ., ಪಿಎಚ್.ಡಿ. ಮಾಡಿದವರಲ್ಲ. ಊರಿನ ಹೆಸರೊಂದನ್ನು ಹಿಡಿದು ಅದರ ಹಿಂದೆ ಮಹಾರಾಷ್ಟ್ರದವರೆಗೂ ಕನ್ನಡವನ್ನು ಹುಡುಕಿಕೊಂಡು ಹೋದರು. 'ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ'ಗೆ 1970ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರು ಶಬ್ದಗಳಿಗೆ ಹೇಳುವ ಮೂಲಗಳಲ್ಲಿ ಕೆಲವು ನನಗೂ ಬರೀ ಊಹೆ ಅನಿಸುತ್ತವೆ. ಪಕ್ಕದಲ್ಲಿ ತಡೆದು ಕೇಳುವ ಮಾರ್ಗದರ್ಶಕರೊಬ್ಬರು ಇದ್ದಿದ್ದರೆ ಚೆನ್ನಿತ್ತು, ಒಪ್ಪಿದೆ. ಆದರೆ ಪ್ರಶ್ನೆ ಅವರದೇ ಆಗಿತ್ತು, ನೋಡಿ. ನಮ್ಮ ಹುಡುಗಿಗೆ ಮಾರ್ಗದರ್ಶಕರಿದ್ದರು, ಗ್ರಂಥಾಲಯವಿತ್ತು. ಪ್ರಶ್ನೆಯನ್ನು ಮಾತ್ರ ಹೊರಗೇ ಬಿಟ್ಟು ಬರಬೇಕಾಯಿತು.

ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟಿಸಲೇಬೇಕೆಂಬ ಯುಜಿಸಿ ನಿಯಮ ಆಗ ಇತ್ತು. ಯಾವುದೋ ಪತ್ರಿಕೆಗೆ ದುಡ್ಡು ಕಟ್ಟಿ ಅಚ್ಚು ಹಾಕಿಸಿದ್ದಳು. ಅದನ್ನು ಯಾರು ಓದಿದರು ಅಂದರೆ ನಕ್ಕಳು. 2022ರಲ್ಲಿ ಆ ಕಡ್ಡಾಯವನ್ನು ತೆಗೆದರು. ಪದವಿಯನ್ನೂ 2021ರಲ್ಲಿ ನಾಲ್ಕು ವರ್ಷ ಮಾಡಿ, ನಮ್ಮ ರಾಜ್ಯದಲ್ಲಿ 2024ರಲ್ಲಿ ಮತ್ತೆ ಮೂರಕ್ಕೆ ತಂದರು. ನಿಯಮ ಹಾಕುವುದು, ತೆಗೆಯುವುದು ನಡೆದೇ ಇದೆ. ತರಗತಿಯೊಳಗೆ ನೋಟ್ಸ್ ಹೇಳಿ ಬರೆಸುವುದು ಮಾತ್ರ ನಾನು ಬಿ.ಎ. ಓದುವಾಗ ಹೇಗಿತ್ತೋ ಹಾಗೆಯೇ ಇದೆ.

ಕಾಲೇಜಿನವರನ್ನೇ ಬೈಯುತ್ತಿದ್ದೆ. ಅವಳು ಮೆಲ್ಲಗೆ ಅಂದಳು: "ಏಳನೇತ್ತೆಯಲ್ಲಿ ನಾನು ಏನೋ ಕೇಳಿದಾಗ, ಅದು ಪರೀಕ್ಷೆಗೆ ಬರೋದಿಲ್ಲ ಕೂತ್ಕೋ ಅಂದಿದ್ರಿ." ನನಗೆ ನೆನಪಿಲ್ಲ. ಅಂದಿರುತ್ತೇನೆ. ಹತ್ತು ಮಾರ್ಕಿನ ಪ್ರಶ್ನೆಗೆ ಉತ್ತರವನ್ನು ಬೋರ್ಡಿನ ಮೇಲೆ ಬರೆದು, ಅಕ್ಷರ ದುಂಡಗಿದೆ ಎಂದು ಮೆಚ್ಚಿ ಮೂವತ್ತು ವರ್ಷ ಕಳೆದವಳು ನಾನು.

ಚಹಾ ಕುಡಿಯುತ್ತಾ, ಊರೂರು ತಿರುಗುವಾಗ ಬರೆದಿಟ್ಟ ಡೈರಿಯನ್ನು ತೋರಿಸೆಂದೆ. ಅದರಲ್ಲಿ ವಕ್ತೃ 14ಕ್ಕೆ ಹೆಸರಿತ್ತು, ತವರಿತ್ತು, ಕಳೆದುಕೊಂಡ ಎರಡು ಕೂಸುಗಳಿದ್ದವು. ಗಿರಣಿಯ ಮುಂದೆ ಪಾಳಿ ಹಚ್ಚಿ ನಿಂತಾಗ ಆಕೆಯೇ ಕಟ್ಟಿದ ಹಾಡೊಂದನ್ನೂ ಪೆನ್ಸಿಲಿನಲ್ಲಿ ಗೀಚಿಕೊಂಡಿದ್ದಳು. ಪ್ರಬಂಧದಲ್ಲಿ ಎಲ್ಲೂ ಅದಿಲ್ಲ.