ಕರ್ಮಣಿ ಪ್ರಯೋಗ ಮತ್ತು ಮರೆಯಾದ ಕರ್ತೃ: ಆರ್ವೆಲ್‌ನ ನಿಯಮ ಕುರಿತು

ಇಂಗ್ಲಿಷ್ ಗದ್ಯಬೋಧನೆಯಲ್ಲಿ ಕರ್ಮಣಿ ಪ್ರಯೋಗದಷ್ಟು ನಿಂದೆಗೊಳಗಾದ ವಾಕ್ಯರಚನೆ ಬಹುಶಃ ಇನ್ನೊಂದಿಲ್ಲ. ಈ ನಿಂದೆಗೆ ನೈತಿಕ ಬಲವನ್ನು ಒದಗಿಸಿದವನು ಜಾರ್ಜ್ ಆರ್ವೆಲ್. 1946ರಲ್ಲಿ 'ಹೊರೈಜನ್' ಪತ್ರಿಕೆಯಲ್ಲಿ ಪ್ರಕಟವಾದ 'ಪಾಲಿಟಿಕ್ಸ್ ಅಂಡ್ ದಿ ಇಂಗ್ಲಿಷ್ ಲ್ಯಾಂಗ್ವೇಜ್' ಪ್ರಬಂಧದಲ್ಲಿ ಆತ ವಿಧಿಸುವ ಆರು ನಿಯಮಗಳಲ್ಲಿ ನಾಲ್ಕನೆಯದು, ಕರ್ತರಿ ಪ್ರಯೋಗ ಸಾಧ್ಯವಿರುವಲ್ಲಿ ಕರ್ಮಣಿ ಕೂಡದೆಂಬುದು. ಅಧಿಕಾರದ ಭಾಷೆಯು ಹೊಣೆಯನ್ನು ಮರೆಮಾಚುತ್ತದೆಂಬ ಆತನ ಆತಂಕ ಸಾಧುವಾದುದೇ. ಆದರೆ ಮರೆಮಾಚುವ ಸಾಧನವನ್ನು ಆತ ಸರಿಯಾಗಿ ಗುರುತಿಸಿದನೇ?

ಆ ಪ್ರಬಂಧದ ಅತ್ಯಂತ ಪ್ರಬಲವಾದ ಭಾಗವನ್ನೇ ನೋಡಬಹುದು. ರಕ್ಷಣೆಯಿಲ್ಲದ ಹಳ್ಳಿಗಳ ಮೇಲಿನ ಬಾಂಬುದಾಳಿ, ಊರು ಬಿಡುವ ಜನ, ಗುಂಡಿಗೆ ಬೀಳುವ ದನಕರು, ಹೊತ್ತಿ ಉರಿಯುವ ಗುಡಿಸಲುಗಳು: ಇವನ್ನು ವರ್ಣಿಸುವ ಆರ್ವೆಲ್‌ನ ವಾಕ್ಯ ಆದ್ಯಂತ ಕರ್ಮಣಿಯಲ್ಲಿದೆ! ಇದನ್ನು ಕೇವಲ ಆತ್ಮವಿರೋಧವೆಂದು ಕಂಡು ನಗುವುದು ಸುಲಭ. ಹಲವರು ಹಾಗೆ ನಕ್ಕಿದ್ದಾರೆ. ಗಮನಿಸಬೇಕಾದುದು ಬೇರೆ. ಕರ್ಮಣಿಯಿಂದಾಗಿಯೇ ಇಲ್ಲಿ ಹಳ್ಳಿ, ಜನ, ದನಗಳು ವಾಕ್ಯದ ಮುನ್ನೆಲೆಗೆ ಬಂದಿವೆ. ಕರ್ತೃವನ್ನು ಹೆಸರಿಸದಿದ್ದರೂ ಆತನ ಸ್ಥಾನ ತೆರವಾಗಿ ಕಾಣುತ್ತಿದೆ. ಯಾರು ಸುಟ್ಟರು ಎಂದು ಓದುಗ ಕೇಳಬಲ್ಲ. ಈ ಪ್ರಶ್ನೆಯನ್ನು ಅಡಗಿಸುವುದು ಇದಕ್ಕೆಲ್ಲ ಸರಕಾರಗಳು ಕೊಡುವ 'ಪ್ಯಾಸಿಫಿಕೇಶನ್' ಎಂಬ ಹೆಸರು. ಅದು ನಾಮಪದ, ಅದರಲ್ಲಿ ಕರ್ತೃವೂ ಇಲ್ಲ, ಕರ್ಮವೂ ಇಲ್ಲ, ಕಾಲವೂ ಇಲ್ಲ. ಕ್ರಿಯೆಯನ್ನು ನಾಮಪದವಾಗಿಸುವ ಈ ಚಾಳಿಯನ್ನೂ ಆರ್ವೆಲ್ ಅದೇ ಪ್ರಬಂಧದಲ್ಲಿ ಹೀಗಳೆದಿದ್ದಾನೆ. ಆದರೂ ನಿಯಮದ ಪಟ್ಟಿಗೆ ಸೇರಿದ್ದು ಕರ್ಮಣಿ ಮಾತ್ರ.

ಸ್ಟ್ರಂಕ್ ಮತ್ತು ವೈಟ್ ಅವರ ಕೈಪಿಡಿಯ ಸ್ಥಿತಿ ಇನ್ನೂ ಶೋಚನೀಯ. ಕರ್ಮಣಿಯನ್ನು ಬಿಡಿಸಲೆಂದು ಅದು ಕೊಡುವ ನಾಲ್ಕು ಉದಾಹರಣೆಗಳಲ್ಲಿ ಮೂರು ಕರ್ಮಣಿಯೇ ಅಲ್ಲವೆಂದು ಭಾಷಾವಿಜ್ಞಾನಿ ಜೆಫ್ರಿ ಪುಲಮ್ 2009ರಲ್ಲಿ ತೋರಿಸಿದರು.

ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದಿಸುವವರಿಗೆ ಈ ಚರ್ಚೆ ಕೇವಲ ಶೈಲಿಯದಲ್ಲ. ನಮ್ಮ ಶಾಲಾ ವ್ಯಾಕರಣವು ರಾಮನಿಂದ ರಾವಣನನ್ನು 'ಕೊಲ್ಲಲ್ಪಡಿಸಿ' ಎರಡೂ ಪ್ರಯೋಗಗಳು ಸಮಾನವೆಂದು ಕಲಿಸಿತು. ಆದರೆ ಬಳಕೆಯ ಇಂಗ್ಲಿಷಿನ ಬಹುಪಾಲು ಕರ್ಮಣಿ ವಾಕ್ಯಗಳಲ್ಲಿ ಕರ್ತೃಪದವೇ ಇರುವುದಿಲ್ಲ. ಅಂತಹ ವಾಕ್ಯಕ್ಕೆ ಕನ್ನಡದಲ್ಲಿ ದಾರಿಗಳು ಹಲವು. 'ಹಳ್ಳಿ ಸುಡಲ್ಪಟ್ಟಿತು' ಎಂಬುದು ಪುಸ್ತಕದ ಭಾಷೆ. 'ಹಳ್ಳಿಯನ್ನು ಸುಡಲಾಯಿತು' ಎಂಬುದು ಕಚೇರಿಯ ವರದಿ. ಇಲ್ಲಿ ದ್ವಿತೀಯಾ ವಿಭಕ್ತಿ ಹಾಗೆಯೇ ಉಳಿಯುವುದರಿಂದ ಇಂಗ್ಲಿಷ್ ಕರ್ಮಣಿಗೆ ಇದು ಸರಿಸಾಟಿಯಲ್ಲ. 'ಹಳ್ಳಿ ಸುಟ್ಟುಹೋಯಿತು' ಎಂದೊಡನೆ ಕರ್ತೃ ಪೂರ್ಣ ಮಾಯ; ಒಲೆಯ ಕಿಡಿಯಿಂದಲೂ ಹಾಗಾಗಿರಬಹುದು. ಸುಲಲಿತವಾಗಿ ಓದಿಸಿಕೊಳ್ಳುವ ಅನುವಾದಗಳು ಜಾರುವುದು ಇಲ್ಲಿಯೇ.

'ಹಳ್ಳಿಯನ್ನು ಸುಟ್ಟರು' ಎಂಬುದು ಕರ್ತರಿಯೇ ಹೌದು, ಆದರೆ ಕರ್ತೃಪದವಿಲ್ಲ. ಕರ್ಮವು ವಾಕ್ಯದ ಆರಂಭದಲ್ಲಿದೆ. ಸುಟ್ಟವರು ಮನುಷ್ಯರೆಂಬುದನ್ನು ಕ್ರಿಯಾಪದದ ಬಹುವಚನ ಪ್ರತ್ಯಯವೇ ಸಾರುತ್ತದೆ. ಆರ್ವೆಲ್‌ನ ಆ ವಾಕ್ಯಕ್ಕೆ ನಾನು ಈ ರೂಪವನ್ನೇ ಆರಿಸುವೆ. 'ಪ್ಯಾಸಿಫಿಕೇಶನ್' ಎಂಬುದಕ್ಕೆ ಮಾತ್ರ ಹುಡುಕಾಟವೇ ಬೇಕಿಲ್ಲ: 'ಶಾಂತಿಸ್ಥಾಪನೆ' ಎಂಬ ಸಂಸ್ಕೃತ ಸಮಾಸ ನಮ್ಮಲ್ಲಿ ಸಿದ್ಧವಾಗಿಯೇ ಇದೆ.